ಐದು ಜನ, ಒಂದು ವೈಫೈ: ಬಾಡಿಗೆ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸುವುದು ಹೇಗೆ?

ಧಾರವಾಡದ ಸಪ್ತಾಪುರದ ಕಡೆ ಸಂಜೆ ಏಳರ ಮೇಲೆ ಯಾವುದಾದರೂ ಸ್ಟೂಡೆಂಟ್ ರೂಮಿಗೆ ಹೋಗಿ ನೋಡಿ. ಒಬ್ಬ ಕೋಚಿಂಗ್ ಕ್ಲಾಸಿನ ವಿಡಿಯೊ ನೋಡುತ್ತಿರುತ್ತಾನೆ. ಇನ್ನೊಬ್ಬ ಆನ್‌ಲೈನ್ ಟೆಸ್ಟ್ ಬರೆಯುತ್ತಿರುತ್ತಾನೆ. ಮೂರನೆಯವನದು ಕ್ರಿಕೆಟ್. ದಿನಕ್ಕೆ ಒಂದೂವರೆ, ಎರಡು ಜಿಬಿ ಮೊಬೈಲ್ ಡೇಟಾ ಇದಕ್ಕೆಲ್ಲ ಎಲ್ಲಿ ಸಾಲುತ್ತದೆ? ರಾತ್ರಿ ಊಟದ ಹೊತ್ತಿಗೆ ಹಾಟ್‌ಸ್ಪಾಟ್ ಕೇಳುವ ಕಾರ್ಯಕ್ರಮ ಶುರು.

ಐದು ಜನ ಸೇರಿ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡರೆ ಈ ರಗಳೆ ಇಲ್ಲ. ತಿಂಗಳಿಗೆ 500 ರೂಪಾಯಿಯ ಪ್ಲಾನ್ ಎಂದಿಟ್ಟುಕೊಳ್ಳಿ. ಶೇ 18ರ ಜಿಎಸ್‌ಟಿ ಸೇರಿ 590. ತಲೆಗೆ 118 ರೂಪಾಯಿ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಇರುವುದು ಜಿಎಸ್‌ಟಿ ಬಿಟ್ಟ ದರ, ಅದನ್ನೇ ನಂಬಿ ಲೆಕ್ಕ ಹಾಕಬೇಡಿ.

ಕನೆಕ್ಷನ್ ಬರುವುದು ಕಷ್ಟವಲ್ಲ. ಬಂದ ಮೇಲೂ ಹಿಂದಿನ ರೂಮಿನವನು ಲ್ಯಾಪ್‌ಟಾಪ್ ಹಿಡಿದುಕೊಂಡು ಹಾಲಿನ ಬಾಗಿಲಲ್ಲಿ ಬಂದು ಕೂರುತ್ತಾನಲ್ಲ, ಕಷ್ಟ ಇರುವುದು ಅಲ್ಲಿ. ಆಗ ಎಲ್ಲರೂ ಮಾಡುವ ಕೆಲಸ ಪ್ಲಾನ್ ಜಾಸ್ತಿ ಮಾಡಿಸುವುದು. ದುಡ್ಡು ಹೋಗುತ್ತದೆ, ಹಿಂದಿನ ರೂಮಿಗೆ ಸಿಗ್ನಲ್ ಮಾತ್ರ ಬರುವುದಿಲ್ಲ. ವೈಫೈ ಕೊಡುವ ಬಾಕ್ಸ್ ಎಲ್ಲಿ ಕೂರಬೇಕು, ಕನೆಕ್ಷನ್ ಯಾರ ಹೆಸರಲ್ಲಿ ಇರಬೇಕು ಎನ್ನುವುದನ್ನು ಲೈನ್‌ನವರು ಬರುವ ಮೊದಲೇ ತೀರ್ಮಾನಿಸಿಕೊಳ್ಳಿ. ಸ್ಪೀಡಿನ ಮಾತು ಆಮೇಲೆ.

ಮೊದಲು: ಯಾರ ಹೆಸರು?

ಆಧಾರ್, ಬಾಡಿಗೆ ಕರಾರುಪತ್ರ, ಒಟಿಪಿ ಬರುವ ಮೊಬೈಲ್ ನಂಬರ್. ಸಾಮಾನ್ಯವಾಗಿ ಇಷ್ಟು ಕೇಳುತ್ತಾರೆ. ಸುಮ್ನೆ ಯಾರ ಕೈಯಲ್ಲಿ ಆಧಾರ್ ಇದೆಯೋ ಅವರ ಹೆಸರಿಗೆ ಮಾಡಿಸಬೇಡಿ. ಮನೆಯಲ್ಲಿ ಹೆಚ್ಚು ದಿನ ಇರುವವರು ಯಾರು ಎಂದು ನೋಡಿ. ಕೊನೇ ಸೆಮಿಸ್ಟರಿನವನ ಹೆಸರಲ್ಲಿ ಮಾಡಿಸಿದರೆ ಅವನು ಊರಿಗೆ ಹೋದ ಮೇಲೆ ಪ್ರತಿ ಕಂಪ್ಲೇಂಟಿಗೂ, ಪ್ರತಿ ಒಟಿಪಿಗೂ ಅವನಿಗೆ ಫೋನ್ ಮಾಡುತ್ತಾ ಕೂರಬೇಕು.

ಹೆಸರಿಗೆ ಇನ್ನೂ ಒಂದು ತೂಕವಿದೆ. ಆ ಲೈನಿನಿಂದ ಏನೇ ತಪ್ಪು ನಡೆದರೂ ಪೊಲೀಸರು ಮೊದಲು ಬರುವುದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಹತ್ತಿರ. 2008ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಸರಣಿ ಸ್ಫೋಟ ಆಗುವುದಕ್ಕೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬೆದರಿಕೆ ಇ-ಮೇಲ್ ಹೋಗಿತ್ತು. ಜಾಡು ಹಿಡಿದು ಹೋದ ತನಿಖೆಯವರು ನವಿ ಮುಂಬೈಯ ಒಂದು ಫ್ಲ್ಯಾಟಿನ ಬಾಗಿಲು ತಟ್ಟಿದರು. ಅಲ್ಲಿದ್ದವರ ವೈಫೈಯನ್ನು ಬೇರೆ ಯಾರೋ ಬಳಸಿಕೊಂಡಿದ್ದರು. ನಿಮ್ಮ ಮನೆಗೆ ಅಷ್ಟು ದೊಡ್ಡದು ಬರಲಿಕ್ಕಿಲ್ಲ, ಆದರೆ ಪಾಸ್‌ವರ್ಡ್ ಬೀದಿಗೆಲ್ಲ ಹಂಚಿದರೆ ಉತ್ತರ ಹೇಳಬೇಕಾದವರು ಒಬ್ಬರೇ. ಆದ್ದರಿಂದ ಹೆಸರು ಕೊಡುವವರು ಹಾಕುವ ಷರತ್ತಿಗೆ ಉಳಿದ ನಾಲ್ವರೂ ಒಪ್ಪಬೇಕು.

ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ: ತಿಂಗಳ ವಸೂಲಿ ಬೇಡ. ಆರು ತಿಂಗಳ ಪ್ಲಾನ್ ತಗೊಂಡು ಎಲ್ಲರಿಂದ ಒಂದೇ ಸಲ ಯುಪಿಐ ಹಾಕಿಸಿಕೊಳ್ಳಿ. ಮೇಲಿನ ಲೆಕ್ಕದಲ್ಲಿ ತಲೆಗೆ 708 ರೂಪಾಯಿ. ಒಟ್ಟಿಗೆ ಕಟ್ಟಿದರೆ ಇನ್‌ಸ್ಟಾಲೇಷನ್ ಚಾರ್ಜ್ ಬಿಡುವ ಕಂಪನಿಗಳೂ ಇವೆ, ಕೇಳಿ. ಬಾಕ್ಸಿಗೆ ಡಿಪಾಸಿಟ್ ತಗೊಂಡರೆ ಅದು ವಾಪಸ್ ಬರುವ ದುಡ್ಡೋ ಅಲ್ಲವೋ ಎಂಬುದನ್ನೂ ಆಗಲೇ ಕೇಳಿ, ಎಸ್‌ಎಂಎಸ್ ಅಥವಾ ರಸೀದಿ ಇಟ್ಟುಕೊಳ್ಳಿ. ಮಧ್ಯದಲ್ಲಿ ಮನೆ ಬಿಟ್ಟು ಹೋಗುವವರ ಪಾಲನ್ನು ಹೊಸದಾಗಿ ಬರುವವರು ತುಂಬಿಕೊಡಬೇಕು ಅಂತ ಮೊದಲೇ ಮಾತಾಗಿರಲಿ.

ಯಾವ ಕಂಪನಿ, ಎಷ್ಟು ಸ್ಪೀಡು?

ಕಂಪನಿ ಆಯ್ಕೆ ನಿಮ್ಮ ಕೈಯಲ್ಲಿ ಇರುವುದು ಕಡಿಮೆ. ನಿಮ್ಮ ಓಣಿಗೆ ಯಾರ ಫೈಬರ್ ಬಂದಿದೆಯೋ ಅವರೇ. ಬಿಎಸ್‌ಎನ್‌ಎಲ್, ಜಿಯೊ, ಏರ್‌ಟೆಲ್ ಅಲ್ಲದೆ ಊರಿನ ಕೇಬಲ್ ಟಿವಿಯವರೂ ಈಗ ಇಂಟರ್ನೆಟ್ ಕೊಡುತ್ತಾರೆ. ಪಕ್ಕದ ಮನೆಯ ಹುಡುಗರನ್ನು ಕೇಳುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ‘ಸ್ಪೀಡ್ ಎಷ್ಟು ಬರುತ್ತೆ’ ಅಂತ ಮಾತ್ರ ಕೇಳಬೇಡಿ. ‘ಲೈನ್ ಹೋದರೆ ಎಷ್ಟು ದಿನಕ್ಕೆ ಬರ್ತಾರೆ’ ಅಂತಲೂ ಕೇಳಿ. ಕರೆದ ದಿನ ಬರುವ ಲೈನ್‌ಮನ್ ಇದ್ದರೆ 40 ಎಂಬಿಪಿಎಸ್ ಸಾಕು. ಬರದಿದ್ದರೆ 300 ಇದ್ದೂ ಏನು ಪ್ರಯೋಜನ?

ಸ್ಪೀಡಿನ ಲೆಕ್ಕ ಹೀಗೆ ಹಾಕಿ. ಒಳ್ಳೆಯ ಎಚ್‌ಡಿ ವಿಡಿಯೊಗೆ ಸುಮಾರು 5 ಎಂಬಿಪಿಎಸ್ ಸಾಕು. ವಿಡಿಯೊ ಕ್ಲಾಸಿಗೆ 3ರಿಂದ 4. ಗೇಮಿಗೆ ಸ್ಪೀಡ್ ಬೇಕಾಗುವುದೇ ಇಲ್ಲ ಎನ್ನಬಹುದು, ಅದಕ್ಕೆ ಬೇಕಾದ್ದು ಕಡಿಮೆ ಪಿಂಗ್, ಅಂದರೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ ಕಡಿಮೆ ಇರಬೇಕು. ಅಂದರೆ ಐದು ಜನ ಒಟ್ಟಿಗೆ ಕೂತರೂ 25ರ ಆಸುಪಾಸು. 40 ಎಂಬಿಪಿಎಸ್ ನಡೆಯುತ್ತದೆ, 100 ಇದ್ದರೆ ಆರಾಮ. ಅದಕ್ಕಿಂತ ಮೇಲಿನದು ಐದು ಜನರ ಮನೆಗೆ ಶೋಕಿ.

ಎಂಬಿಪಿಎಸ್ ಅನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಎಂಬಿ ಎಂದು ಸಿಗುತ್ತದೆ. 100 ಎಂಬಿಪಿಎಸ್ ಲೈನಿನಲ್ಲಿ ಡೌನ್‌ಲೋಡ್ 12 ಎಂಬಿ ತೋರಿಸಿದರೆ ಕಂಪನಿಯವರು ಮೋಸ ಮಾಡಿಲ್ಲ, ಲೆಕ್ಕ ಸರಿಯಾಗೇ ಇದೆ. ‘ಅನ್‌ಲಿಮಿಟೆಡ್’ ಎನ್ನುವ ಪ್ಲಾನಿಗೂ ಒಂದು ಮಿತಿ ಇರುತ್ತದೆ. ಹಲವು ಕಂಪನಿಗಳಲ್ಲಿ ಅದು ತಿಂಗಳಿಗೆ 3,300 ಜಿಬಿ. ಐದು ಜನಕ್ಕೆ ಹಂಚಿದರೆ ತಲೆಗೆ 660 ಜಿಬಿ, ಎಚ್‌ಡಿ ವಿಡಿಯೊ ದಿನಕ್ಕೆ ಏಳು ಗಂಟೆ ನೋಡಿದರೂ ಸಾಕಾಗುವಷ್ಟು. ಓದೋಕೆ ಬಂದವರು ಅಷ್ಟು ನೋಡಬಾರದು, ಅದು ಬೇರೆ ಮಾತು. ಕೇಬಲ್‌ನವರ ಅಗ್ಗದ ಪ್ಲಾನುಗಳಲ್ಲಿ ಈ ಮಿತಿ ತುಂಬಾ ಕಡಿಮೆ ಇರಬಹುದು. ಮಿತಿ ದಾಟಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿ ಬರೆದುಕೊಳ್ಳಿ.

ಒಂದು ಪ್ರಶ್ನೆ ಮರೆಯಬೇಡಿ: ‘ಕೊಡುವ ಬಾಕ್ಸ್ ಡ್ಯುಯಲ್ ಬ್ಯಾಂಡ್ ತಾನೇ?’ ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ವೈಫೈ ಕೊಡುವಂಥದು. 2.4 ಗಿಗಾಹರ್ಟ್ಸ್ ಒಂದೇ ಇರುವ ಹಳೇ ಬಾಕ್ಸ್ ಕೊಟ್ಟರೆ 100 ಎಂಬಿಪಿಎಸ್ ಪ್ಲಾನಿನಲ್ಲೂ ಫೋನಿಗೆ ಸಿಗುವುದು ಮೂವತ್ತೋ ನಲವತ್ತೋ.

ಬಾಕ್ಸ್ ಎಲ್ಲಿ ಕೂರಬೇಕು?

ಇದಕ್ಕೆ ಸ್ವಲ್ಪ ನಿಧಾನವಾಗಿ ಸಮಯ ಕೊಡಿ.

ಲೈನ್‌ಮನ್ ಬರುತ್ತಾನೆ. ಕಂಬದಿಂದ ತಂದ ಕಪ್ಪು ತಂತಿಯನ್ನು ಮುಂದಿನ ರೂಮಿನ ಕಿಟಕಿಯಲ್ಲಿ ತೂರಿಸುತ್ತಾನೆ. ಕಿಟಕಿ ಪಕ್ಕದಲ್ಲೇ ಪ್ಲಗ್ ಪಾಯಿಂಟ್ ಇದ್ದರೆ ಅಲ್ಲೇ ಎರಡು ಮೊಳೆ ಹೊಡೆದು ಬಾಕ್ಸ್ ನೇತುಹಾಕಿ, ಫೋನಿನಲ್ಲಿ ಸ್ಪೀಡ್ ತೋರಿಸಿ ಹೊರಟುಬಿಡುತ್ತಾನೆ. ಅವನಿಗೆ ಇನ್ನೂ ನಾಲ್ಕು ಮನೆ ಇರುತ್ತವೆ, ಅವನದು ತಪ್ಪಲ್ಲ. ಆದರೆ ಈಗ ನಿಮ್ಮ ವೈಫೈಯ ಅರ್ಧ ಸಿಗ್ನಲ್ ರಸ್ತೆಯ ಪಾಲು.

ಅವನು ಡ್ರಿಲ್ ತೆಗೆಯುವ ಮೊದಲೇ ಹೇಳಬೇಕು: ‘ಅಣ್ಣಾ, ಇಲ್ಲಿ ಬ್ಯಾಡ್ರಿ, ನಡು ಹಾಲ್‌ನಾಗ ಹಾಕಿಕೊಡ್ರಿ. ವೈರ್ ಜಾಸ್ತಿ ಆದ್ರ ಅದರ ರೊಕ್ಕ ಕೊಡ್ತೀವಿ.’ ಹತ್ತು ಹದಿನೈದು ಮೀಟರ್ ಫೈಬರ್ ಜಾಸ್ತಿ ಹಾಕಿದರೆ ಸ್ಪೀಡ್ ಕಡಿಮೆ ಆಗುತ್ತದೆ ಎನ್ನುವುದು ಸುಳ್ಳು. ಫೈಬರ್ ಕಿಲೋಮೀಟರ್‌ಗಟ್ಟಲೆ ದೂರದಿಂದಲೇ ಬಂದಿರುತ್ತದೆ.

ಜಾಗ ಹೀಗಿರಲಿ. ಮನೆಯ ನಡುಭಾಗ, ನೆಲದಿಂದ ಐದಾರು ಅಡಿ ಎತ್ತರ, ಸುತ್ತ ತೆರೆದಿರಬೇಕು. ಕಬ್ಬಿಣದ ಟ್ರೆಜರಿಯ (ಬೀರುವಿನ) ಹಿಂದೆ, ಫ್ರಿಜ್ ಮೇಲೆ, ಕನ್ನಡಿ ಪಕ್ಕ ಬೇಡ. ಕಬ್ಬಿಣ, ನೀರು, ಆರ್‌ಸಿಸಿ ಮೂರೂ ಸಿಗ್ನಲ್ ನುಂಗುತ್ತವೆ. ಧಾರವಾಡದ ಹಳೇ ಹಂಚಿನ ಮನೆಗಳಲ್ಲಿ ಗೋಡೆ ಒಂದೂವರೆ ಅಡಿ ದಪ್ಪ ಇರುವುದೂ ಉಂಟು. ಬೇಸಿಗೆಗೆ ತಂಪು, ವೈಫೈಗೆ ವೈರಿ. ಅಂಥ ಮನೆಯಲ್ಲಿ ಬಾಗಿಲುಗಳು ಒಂದರ ಎದುರಿಗೆ ಒಂದು ಇರುವ ಸಾಲನ್ನು ನೋಡಿ, ಆ ಸಾಲಿಗೆ ಬಾಕ್ಸ್ ಹಾಕಿಸಿ. ಸಿಗ್ನಲ್ ಗೋಡೆಗಿಂತ ಬಾಗಿಲಿನಿಂದ ಸಲೀಸಾಗಿ ಹೋಗುತ್ತದೆ.

ಓನರ್‌ಗೆ ಮೊದಲೇ ಹೇಳಿ. ‘ಕಾಕಾರ, ಗ್ವಾಡಿಗೆ ತೂತು ಹೊಡಿಯಂಗಿಲ್ರಿ, ಕಿಟಕಿಯಾಗಿಂದ ತಗೋತೀವಿ’ ಎಂದರೆ ಬಹಳ ಮಂದಿ ಒಪ್ಪುತ್ತಾರೆ. ಡಿಶ್ ಕೇಬಲ್‌ಗೆ ಕೊರೆದ ಹಳೇ ತೂತು ಇದ್ದರೆ ಇನ್ನೂ ಒಳ್ಳೆಯದು. ಹೇಳದೆ ಗೋಡೆ ಕೊರೆದರೆ ಅಡ್ವಾನ್ಸ್ ವಾಪಸ್ ಕೊಡುವಾಗ ಅದರ ಲೆಕ್ಕ ಬರುತ್ತದೆ.

ಬಾಕ್ಸಿಗೆ ಬಂದು ಸೇರುವ ತೆಳು ತಂತಿ ಗಾಜಿನ ಎಳೆ. ಚೂಪಾಗಿ ಮಡಿಸಿದರೆ ಬೆಳಕು ಸೋರಿ ಸಿಗ್ನಲ್ ಸಾಯುತ್ತದೆ. ಉಳಿದದ್ದನ್ನು ಸುತ್ತಿಡುವಾಗ ಸುತ್ತು ಟೀ ಲೋಟದ ಬಾಯಿಗಿಂತ ಚಿಕ್ಕದಾಗಬಾರದು. ಅದರ ಮೇಲೆ ಬಟ್ಟೆ ಒಣಹಾಕಬೇಡಿ, ಮಂಚದ ಕಾಲು ಇಡಬೇಡಿ. ಲೈನ್‌ಮನ್ ಕೈಯಲ್ಲಿ ಫೈಬರಿನ ಬೆಳಕು ಅಳೆಯುವ ಪವರ್ ಮೀಟರ್ ಇದ್ದರೆ ‘ಪವರ್ ಎಷ್ಟು ಬರ್ತಿದೆ’ ಅಂತ ಕೇಳಿ. ಮೈನಸ್ 18ರಿಂದ 24 ಡಿಬಿಎಂ ಅಂದರೆ ಚೆನ್ನಾಗಿದೆ. ಮೈನಸ್ 27ರ ಹತ್ತಿರ ಇದ್ದರೆ ಮೊದಲ ಮಳೆಗೇ ತೊಂದರೆ ಶುರುವಾಗಬಹುದು, ಜಾಯಿಂಟ್ ಮತ್ತೆ ಮಾಡಿಸಿಕೊಳ್ಳಿ.

ಅವನು ಹೋದ ಮೇಲೆ ಮಾಡಬೇಕಾದ್ದು

ಬಾಕ್ಸಿನ ಬೆನ್ನಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 192.168.1.1 ಥರದ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತವೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ವೈಫೈಗೆ ಸೇರಿದ ಫೋನಿನ ಬ್ರೌಸರಿನಲ್ಲಿ ಆ ವಿಳಾಸ ಹೊಡೆದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಕೆಲವು ಕಂಪನಿಗಳು ಇದನ್ನೆಲ್ಲ ತಮ್ಮ ಆ್ಯಪಿನಲ್ಲೇ ಇಟ್ಟಿವೆ.

ಮೊದಲು ಈ ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡ್ ಬದಲಾಯಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆ. ಇದು ಹೆಸರು ಕೊಟ್ಟವರ ಹತ್ತಿರ ಮಾತ್ರ ಇರಲಿ. ಆಮೇಲೆ ವೈಫೈ ಹೆಸರು, ಪಾಸ್‌ವರ್ಡ್. ಕನಿಷ್ಠ ಹನ್ನೆರಡು ಅಕ್ಷರ. ನಮ್ಮಲ್ಲಿ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವವರು ಜಾಸ್ತಿ. ಲೈನ್‌ಮನ್‌ಗಳೂ ಅದನ್ನೇ ಹಾಕಿಕೊಟ್ಟು ಹೋಗುತ್ತಾರೆ. ನಿಮ್ಮ ನಂಬರ್ ಓಣಿಯ ಕಿರಾಣಿ ಅಂಗಡಿಯಿಂದ ಮೆಸ್‌ವರೆಗೆ ಎಲ್ಲರ ಹತ್ತಿರ ಇರುತ್ತದೆ, ಅಲ್ವಾ? ಸೆಕ್ಯುರಿಟಿ ಎಂಬಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಪಾಸ್‌ವರ್ಡ್ ಹೊಡೆಯದೆಯೇ ಸೇರಿಸಿಕೊಳ್ಳುವ ಡಬ್ಲ್ಯುಪಿಎಸ್ ಎಂಬ ಸೌಲಭ್ಯ ಆನ್ ಇದ್ದರೆ ಆಫ್ ಮಾಡಿ.

ಗೆಸ್ಟ್ ನೆಟ್‌ವರ್ಕ್ ಸೌಲಭ್ಯ ಇದ್ದರೆ ಖಂಡಿತ ಬಳಸಿ. ಸ್ಟೂಡೆಂಟ್ ಮನೆಗೆ ಬಂದುಹೋಗುವವರು ಲೆಕ್ಕವಿಲ್ಲ. ಅವರಿಗೆ ಗೆಸ್ಟ್ ಪಾಸ್‌ವರ್ಡ್ ಕೊಡಿ, ತಿಂಗಳಿಗೊಮ್ಮೆ ಬದಲಾಯಿಸಿ. ಮನೆಯವರ ಫೋನುಗಳನ್ನು ಮುಟ್ಟುವ ಗೋಜೇ ಇಲ್ಲ.

ಬ್ಯಾಂಡ್ ವಿಷಯ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ದೂರ ಹೋಗುತ್ತದೆ, ಆದರೆ ನಿಧಾನ, ಮತ್ತು ಅಕ್ಕಪಕ್ಕದ ಎಲ್ಲ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೊವೇವ್ ಒಲೆ ಎಲ್ಲವೂ ಅಲ್ಲೇ ಗಿಜಿಗುಡುತ್ತವೆ. ಎರಡಕ್ಕೂ ಬೇರೆ ಬೇರೆ ಹೆಸರಿಡಿ. ಹಾಲ್‌ನವರು 5ಕ್ಕೆ ಸೇರಲಿ, ದೂರದ ರೂಮಿನವರು 2.4ಕ್ಕೆ. 2.4ರಲ್ಲಿ ಚಾನೆಲ್ 1, 6, 11 ಈ ಮೂರರಲ್ಲಿ ಒಂದನ್ನೇ ಆರಿಸಿ, ಯಾಕೆಂದರೆ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇವು. ಯಾವುದು ಖಾಲಿ ಇದೆ ಎಂದು ವೈಫೈ ಅನಲೈಸರ್ ಆ್ಯಪ್ ತೋರಿಸುತ್ತದೆ.

ಅದೇ ಆ್ಯಪ್ ಹಿಡಿದುಕೊಂಡು ಮನೆ ತುಂಬ ಒಂದು ಸುತ್ತು ಹಾಕಿ. ಪ್ರತಿಯೊಬ್ಬರೂ ಓದಲು ಕೂರುವ ಜಾಗದಲ್ಲಿ ನಿಂತು ನೋಡಿ. ಆ್ಯಪ್ ತೋರಿಸುವ ಸಿಗ್ನಲ್ ಮೈನಸ್ 50 ಅಂದರೆ ಬಹಳ ಚೆನ್ನ. ಮೈನಸ್ 67ರವರೆಗೆ ವಿಡಿಯೊ ಕ್ಲಾಸ್ ನಡೆಯುತ್ತದೆ. ಮೈನಸ್ 75 ದಾಟಿದರೆ ಆ ಜಾಗಕ್ಕೆ ಬೇರೆ ವ್ಯವಸ್ಥೆ ಬೇಕು.

ಹಿಂದಿನ ರೂಮಿಗೆ ವೈರ್ ಎಳೆಯಿರಿ

ಅಂಗಡಿಯವರು ರಿಪೀಟರ್, ಅಂದರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ, ಕೊಡಲು ನೋಡುತ್ತಾರೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮುಗಿಯಿತು, ಅಗ್ಗ ಕೂಡ. ಆದರೆ ಅಗ್ಗದ ರಿಪೀಟರ್ ಒಂದೇ ಚಾನೆಲ್ಲಿನಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು. ಸ್ಪೀಡ್ ಹೆಚ್ಚುಕಮ್ಮಿ ಅರ್ಧ ಆಗುತ್ತದೆ. ಸಿಗ್ನಲ್ ಗೀಟು ಪೂರ್ತಿ ಕಾಣಿಸುತ್ತದೆ, ವಿಡಿಯೊ ಮಾತ್ರ ಸುತ್ತುತ್ತಾ ಇರುತ್ತದೆ. ನಾನಂತೂ ಬೇಡ ಅಂತೀನಿ.

ಅದರ ಬದಲು ಬಾಕ್ಸಿನಿಂದ ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದು ಕೊನೆಯಲ್ಲಿ ಸಾದಾ ರೌಟರ್ ಇಡಿ. ಯಾರ ಊರಿನ ಮನೆಯಲ್ಲೋ ಬಿದ್ದಿರುವ ಹಳೇ ರೌಟರ್ ಆದರೂ ನಡೆಯುತ್ತದೆ, ಅದರ ಪೋರ್ಟ್ ಮಾತ್ರ ನೋಡಿಕೊಳ್ಳಿ. ಹಳೇ ಅಗ್ಗದ ರೌಟರ್‌ಗಳ ಪೋರ್ಟ್ 100 ಎಂಬಿಪಿಎಸ್ ದಾಟುವುದಿಲ್ಲ. 100ರ ಪ್ಲಾನಿಗೆ ಪರವಾಗಿಲ್ಲ, 200ರದಕ್ಕೆ ವ್ಯರ್ಥ.

ಕೇಬಲ್ ಕೊಳ್ಳುವಾಗ ‘ಪೂರ್ತಿ ಕಾಪರ್ ಐತೇನ್ರಿ’ ಎಂದು ಕೇಳಿ. ಒಳಗೆ ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ ಇರುವ ಮಾಲು ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸಿದಲ್ಲಿ ಮುರಿಯುತ್ತದೆ. ಅಳತೆ ಹೇಳಿದರೆ ಅಂಗಡಿಯಲ್ಲೇ ಎರಡೂ ತುದಿಗೆ ಕನೆಕ್ಟರ್ ಒತ್ತಿಕೊಡುತ್ತಾರೆ. ಒಳಗೆ ಎಂಟು ಎಳೆ ಇರುತ್ತವೆ. ಎಂಟೂ ಸರಿಯಾಗಿ ಕೂತರೆ ಗಿಗಾಬಿಟ್ ಸಿಗುತ್ತದೆ. ಒಂದು ಜೋಡಿ ಕೈಕೊಟ್ಟರೂ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಟೆಸ್ಟರ್ ಹಾಕಿ ತೋರಿಸಲು ಹೇಳಿ, ಎಂಟೂ ದೀಪ ಸಾಲಾಗಿ ಹೊತ್ತಿಕೊಳ್ಳಬೇಕು. ವೈರನ್ನು ಬಾಗಿಲ ಚೌಕಟ್ಟಿನ ಮೇಲಿನಿಂದ ಕ್ಲಿಪ್ ಹೊಡೆದು ತಗೊಂಡು ಹೋಗಿ. ನೆಲದ ಮೇಲೆ ಬಿಟ್ಟರೆ ಕಸಬರಿಗೆ, ಕಾಲು, ಇಲಿ ಮೂರಕ್ಕೂ ಬಲಿ.

ಎರಡನೇ ರೌಟರ್ ಸೆಟ್ ಮಾಡುವ ಕ್ರಮ ಹೀಗೆ. ಹಳೇ ರೌಟರ್ ಆದರೆ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿ. ಅದಕ್ಕೆ ಲ್ಯಾಪ್‌ಟಾಪ್ ಸೇರಿಸಿ ಸೆಟ್ಟಿಂಗ್ಸ್ ತೆರೆಯಿರಿ. ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿದರೆ ಸಾಕು, ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ. ಆ ಮೋಡ್ ಇಲ್ಲದಿದ್ದರೆ ರೌಟರ್ ವಿಳಾಸವನ್ನು 192.168.1.2 ಎಂದು ಬದಲಾಯಿಸಿ. ಇದು ಮುಖ್ಯ ಬಾಕ್ಸ್ 192.168.1.1 ಇರುವಾಗ. ನಂತರ ಡಿಎಚ್‌ಸಿಪಿ ಆಫ್ ಮಾಡಿ. ಕೇಬಲ್ಲನ್ನು ಬೇರೆ ಬಣ್ಣದ ವ್ಯಾನ್ (WAN) ಪೋರ್ಟಿಗೆ ಹಾಕದೆ ಉಳಿದ ಲ್ಯಾನ್ (LAN) ಪೋರ್ಟುಗಳಲ್ಲಿ ಒಂದಕ್ಕೆ ಹಾಕಿ. ಡಿಎಚ್‌ಸಿಪಿ ಅಂದರೆ ಫೋನುಗಳಿಗೆ ವಿಳಾಸ ಹಂಚುವ ಕೆಲಸ. ಒಂದೇ ಮನೆಯಲ್ಲಿ ಇಬ್ಬರು ಹಂಚತೊಡಗಿದರೆ ಯಾವ ಫೋನಿಗೆ ಇಂಟರ್ನೆಟ್ ಬರುತ್ತದೆ, ಯಾವುದಕ್ಕೆ ಇಲ್ಲ ಎಂಬುದು ಪಗಡೆಯಾಟ ಆಗುತ್ತದೆ. ಕೊನೆಗೆ ವೈಫೈ ಹೆಸರು, ಪಾಸ್‌ವರ್ಡ್ ಮೊದಲ ಬಾಕ್ಸಿನದೇ ಇಡಿ. ಚಾನೆಲ್ ಮಾತ್ರ ಬೇರೆ, ಅದು 1 ಆಗಿದ್ದರೆ ಇದು 6 ಅಥವಾ 11. ಓಡಾಡುವಾಗ ಫೋನ್ ತಾನೇ ಹತ್ತಿರದ್ದನ್ನು ಹಿಡಿಯುತ್ತದೆ.

ಕರೆಂಟ್ ಹೋದಾಗ

ಹೆಸ್ಕಾಂ ಕೈಕೊಟ್ಟ ಹೊತ್ತಿನಲ್ಲೇ ಟೆಸ್ಟ್ ಇರುತ್ತದೆ. ರೌಟರಿಗಾಗಿಯೇ ಇರುವ ಮಿನಿ ಯುಪಿಎಸ್ ತಗೊಳ್ಳಿ. ಮೊದಲು ಬಾಕ್ಸಿನ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿ. ಸಾಮಾನ್ಯವಾಗಿ 12 ವೋಲ್ಟ್, 1 ಅಥವಾ 1.5 ಆಂಪ್ ಇರುತ್ತದೆ. ವೋಲ್ಟ್ ಹೊಂದಲೇಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ವೈಫೈ ರೌಟರ್ ಬೇರೆ, ಫೈಬರ್ ಬಾಕ್ಸ್ ಬೇರೆ ಇದ್ದರೆ ಎರಡಕ್ಕೂ ಯುಪಿಎಸ್ ಬೇಕು. ಒಂದಕ್ಕೆ ಮಾತ್ರ ಹಾಕಿ ವೈಫೈ ಇದೆ, ಇಂಟರ್ನೆಟ್ ಇಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ.

ಮನೆಯವರೆಗೆ ಫೈಬರ್ ಬಂದಿದ್ದರೆ ದಾರಿಯಲ್ಲಿ ಸಾಮಾನ್ಯವಾಗಿ ಕರೆಂಟ್ ಬೇಕಾಗುವ ಯಂತ್ರ ಇರುವುದಿಲ್ಲ, ಬೆಳಕನ್ನು ಹಂಚುವ ಸ್ಪ್ಲಿಟರ್ ಅಷ್ಟೇ. ಕೆಲವು ಕೇಬಲ್‌ನವರು ಕಂಬದವರೆಗೆ ಫೈಬರ್ ತಂದು ಅಲ್ಲಿಂದ ಸಾದಾ ವೈರ್ ಎಳೆದಿರುತ್ತಾರೆ. ಕಂಬದ ಡಬ್ಬಿಗೆ ಕರೆಂಟ್ ಇಲ್ಲದಿದ್ದರೆ ನಿಮ್ಮ ಯುಪಿಎಸ್ ಇದ್ದೂ ಉಪಯೋಗವಿಲ್ಲ. ಕನೆಕ್ಷನ್ ತಗೊಳ್ಳುವಾಗಲೇ ಕೇಳಿ.

ಎಲ್ಲ ಸರಿ ಇದ್ದೂ ಗೇಮ್ ಎಳೆಯುತ್ತಿದ್ದರೆ

ರೂಮ್‌ಮೇಟ್ ದಾಂಡೇಲಿಗೆ ಹೋಗಿ ಬಂದಿದ್ದಾನಾ ನೋಡಿ. ಅವನ ಫೋನು ವೈಫೈ ಸಿಕ್ಕ ಕೂಡಲೇ ನಾನೂರು ಫೋಟೊ, ಮೂವತ್ತು ವಿಡಿಯೊ ಬ್ಯಾಕಪ್ ಮಾಡತೊಡಗಿರುತ್ತದೆ. ಅಪ್‌ಲೋಡ್ ದಾರಿ ತುಂಬಿಕೊಂಡರೆ ಉಳಿದವರ ಸಣ್ಣ ಸಣ್ಣ ಕೋರಿಕೆಗಳೂ ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತವೆ. ಡೌನ್‌ಲೋಡ್ ಖಾಲಿ ಇದ್ದರೂ ಪಿಂಗ್ ಏರುತ್ತದೆ, ವಿಡಿಯೊ ಕ್ಲಾಸಿನಲ್ಲಿ ನಿಮ್ಮ ದನಿ ಕಡಿಯುತ್ತದೆ. ಬ್ಯಾಕಪ್, ಲ್ಯಾಪ್‌ಟಾಪ್ ಅಪ್‌ಡೇಟ್, ಗೇಮ್ ಡೌನ್‌ಲೋಡ್ ಇವೆಲ್ಲ ರಾತ್ರಿ ಹನ್ನೊಂದರ ಮೇಲೆ ಎಂದು ಮನೆಯಲ್ಲಿ ಮಾತಾಡಿಕೊಳ್ಳಿ. ರೌಟರಿನಲ್ಲಿ ‘ಕ್ಯೂಒಎಸ್’ (QoS) ಎಂಬ ಸೆಟ್ಟಿಂಗ್ ಇದ್ದರೆ ಒಂದೊಂದು ಸಾಧನಕ್ಕೂ ಮಿತಿ ಹಾಕಬಹುದು. ಆದರೆ ಹೇಳಿದರೆ ಕೇಳುವ ಸ್ನೇಹಿತರಿದ್ದರೆ ಅದರ ಅಗತ್ಯ ಬೀಳುವುದಿಲ್ಲ.

ಲೈನ್ ಸತ್ತಾಗ ದೀಪ ನೋಡಿ. ‘ಲಾಸ್’ (LOS) ಎಂಬಲ್ಲಿ ಕೆಂಪು ದೀಪ ಇದ್ದರೆ ಬೆಳಕೇ ಬರುತ್ತಿಲ್ಲ. ಎಲ್ಲೋ ಫೈಬರ್ ತುಂಡಾಗಿದೆ, ಮರದ ಕೊಂಬೆಯೋ ಮಂಗವೋ ಜಗ್ಗಿರಬಹುದು. ನೂರು ಸಲ ಆಫ್-ಆನ್ ಮಾಡಿದರೂ ಬರುವುದಿಲ್ಲ, ಕಂಪ್ಲೇಂಟ್ ಕೊಡಿ. ‘ಪಾನ್’ (PON) ದೀಪ ಹಸಿರಾಗಿ ನಿಂತಿದ್ದು ಇಂಟರ್ನೆಟ್ ದೀಪ ಇಲ್ಲದಿದ್ದರೆ ಬಿಲ್ ಬಾಕಿಯೋ ಲಾಗಿನ್ ಹೋಗಿದೆಯೋ ನೋಡಿ. ಎಲ್ಲ ದೀಪ ಸರಿ ಇದ್ದು ನಿಧಾನ ಇದ್ದರೆ ಲ್ಯಾಪ್‌ಟಾಪಿಗೆ ನೇರ ಕೇಬಲ್ ಸಿಕ್ಕಿಸಿ ಸ್ಪೀಡ್ ಅಳೆಯಿರಿ. ಅಲ್ಲಿ ಪೂರ್ತಿ ಬಂದರೆ ತೊಂದರೆ ನಿಮ್ಮ ವೈಫೈಯದು, ಅಲ್ಲೂ ಬರದಿದ್ದರೆ ಕಂಪನಿಯದು.

ಕಂಪ್ಲೇಂಟ್ ಕೊಟ್ಟಾಗ ಅವರು ಕೊಡುವ ದೂರಿನ ಸಂಖ್ಯೆ, ಅಂದರೆ ಡಾಕೆಟ್ ನಂಬರ್ ಬರೆದುಕೊಳ್ಳಿ. ಕಾಲ್ ಸೆಂಟರ್‌ನಿಂದ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದ ಪ್ರಕಾರ ಈ ವ್ಯವಸ್ಥೆ ಇರಲೇಬೇಕು, ಅದಕ್ಕೆ ಶುಲ್ಕವೂ ಇಲ್ಲ. ಮೇಲ್ಮನವಿಗೆ ಆ ಡಾಕೆಟ್ ನಂಬರೇ ಆಧಾರ.

ಬೇಸಿಗೆ ರಜೆಗೆ ಮನೆ ಖಾಲಿ ಬಿಡುವಾಗ ಲೈನನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಸೌಲಭ್ಯ ಕೆಲವು ಕಂಪನಿಗಳಲ್ಲಿದೆ, ವಿಚಾರಿಸಿ. ಬಾಕ್ಸ್ ಪ್ಲಗ್ ಕಿತ್ತಿಡಿ, ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ಸುಟ್ಟುಹೋಗುವುದು ಸಾಮಾನ್ಯ. ಮನೆಯನ್ನೇ ಬಿಡುವುದಾದರೆ ಓನರ್‌ಗೆ ಕೀ ಕೊಡುವ ಮೊದಲೇ ಕನೆಕ್ಷನ್ ಬಂದ್ ಮಾಡಿಸಿ. ಬಾಕ್ಸ್ ಮತ್ತು ಅಡಾಪ್ಟರ್ ಎರಡನ್ನೂ ಕಂಪನಿಯವರಿಗೇ ಒಪ್ಪಿಸಿ. ಒಪ್ಪಿಸುವಾಗ ಬಾಕ್ಸಿನ ಸೀರಿಯಲ್ ನಂಬರ್ ಕಾಣುವಂತೆ ಫೋಟೊ ತೆಗೆದು, ತಗೊಂಡವರಿಂದ ರಸೀದಿ ಬರೆಸಿಕೊಳ್ಳಿ. ಡಿಪಾಸಿಟ್ ವಾಪಸ್ ಬರುವವರೆಗೆ ರಿಜಿಸ್ಟರ್ ಆದ ಸಿಮ್ ಬದಲಾಯಿಸಬೇಡಿ.